ಹಳೆಯ ಮೋಟಾರು: ಮೂಲರೂಪವೋ, ಮಾರ್ಪಾಟೋ?

ಗ್ಯಾರೇಜಿನ ಮೂಲೆಯಲ್ಲೋ ಹಿತ್ತಲಿನ ಬೇವಿನ ಮರದ ಕೆಳಗೋ ವರ್ಷಗಟ್ಟಲೆ ನಿಂತ ಹಳೆಯ ಕಾರನ್ನು ಅಥವಾ ಜೀಪನ್ನು ಮತ್ತೆ ರಸ್ತೆಗೆ ತರಬೇಕೆಂದು ಹೊರಟವರಿಗೆ ಸಾಮಾನ್ಯವಾಗಿ ಎರಡು ದಾರಿಗಳು ಕಾಣುತ್ತವೆ. ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಹಾಗೆಯೇ ಅದನ್ನು ಮಾಡುವುದು ಒಂದು ದಾರಿ. ಹೊರಗಿನ ಆಕಾರವನ್ನಷ್ಟೇ ಇಟ್ಟುಕೊಂಡು ಹೊಸ ಎಂಜಿನ್, ಅಗಲವಾದ ಚಕ್ರ, ಹವಾನಿಯಂತ್ರಣ, ಮನಸ್ಸಿಗೆ ಬಂದ ಬಣ್ಣ ಹಾಕಿಸುವುದು ಇನ್ನೊಂದು. ಮೇಲ್ನೋಟಕ್ಕೆ ಇದು ಮಾಲೀಕನ ಅಭಿರುಚಿಗೂ ಕಿಸೆಗೂ ಬಿಟ್ಟ ವಿಚಾರ. ಆದರೆ ಈ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳಿಗೂ ಮೀರಿದ ಚರ್ಚೆಯ ಇತಿಹಾಸವಿದೆ. ಲೋಹ, ಬಣ್ಣ, ರಬ್ಬರು ಮತ್ತು ಇಂಧನಗಳ ರಸಾಯನವಿಜ್ಞಾನವೂ ಇದರಲ್ಲಿ ಅಡಗಿದೆ.

ಆ ಚರ್ಚೆ ಹುಟ್ಟಿದ್ದು ಮೋಟಾರುಗಳ ಬಗ್ಗೆ ಅಲ್ಲ, ಹಳೆಯ ಕಟ್ಟಡಗಳ ಬಗ್ಗೆ. ಅಲ್ಲಿ ರೂಪುಗೊಂಡ ನಿಯಮಗಳನ್ನೇ ಮುಂದೆ ಹಳೆಯ ವಾಹನಗಳಿಗೂ ಅನ್ವಯಿಸಲಾಯಿತು. ಹೀಗಾಗಿ ಬಾಗಲಕೋಟೆ ಜಿಲ್ಲೆಯ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳೂ ಇಳಕಲ್ಲಿನ ಮಗ್ಗಗಳೂ ಬೇಕಾದ ಉದಾಹರಣೆಗಳನ್ನು ಒದಗಿಸುತ್ತವೆ.

ಮೂಲರೂಪ ಎಂದರೆ ಯಾವ ದಿನದ ರೂಪ?

‘ಮೂಲಕ್ಕೆ ತರುವುದು’ ಎಂಬ ಮಾತು ಕೇಳಲು ಸರಳ. ವಿಚಾರ ಮಾಡಿದರೆ ತೊಡಕು ತಿಳಿಯುತ್ತದೆ. ಅಂಬಾಸಡರ್ ಕಾರನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿದ ಈ ವಾಹನವನ್ನು ಹಿಂದುಸ್ತಾನ್ ಮೋಟರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಅಷ್ಟು ವರ್ಷಗಳಲ್ಲಿ ಹೊರಗಿನ ಆಕಾರ ಹೆಚ್ಚು ಬದಲಾಗಲಿಲ್ಲ. ಒಳಗೆ ಮಾತ್ರ ಬದಲಾವಣೆಗಳು ಒಂದರ ಮೇಲೊಂದು ಬಂದವು. ಮೊದಲು ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದ ಎಂಜಿನ್ ಇತ್ತು. ಅನಂತರ ಕವಾಟಗಳು ಮೇಲ್ಭಾಗದಲ್ಲಿರುವ 1,489 ಘನ ಸೆಂ.ಮೀ. ಸಾಮರ್ಥ್ಯದ ಎಂಜಿನ್ ಬಂದಿತು. 1980ರ ಆಸುಪಾಸಿನಲ್ಲಿ ಡೀಸೆಲ್ ಎಂಜಿನ್, 1990ರ ದಶಕದಲ್ಲಿ ಇಸುಝು ವಿನ್ಯಾಸದ 1.8 ಲೀಟರ್ ಪೆಟ್ರೋಲ್ ಎಂಜಿನ್ ಬಂದವು. ಅಂದರೆ ಕಾರ್ಖಾನೆಯೇ ತನ್ನ ಕಾರನ್ನು ಮತ್ತೆ ಮತ್ತೆ ಮಾರ್ಪಡಿಸಿತು.

ಮಾಲೀಕರೂ ಸುಮ್ಮನಿರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾದಾಗ ಅನೇಕರು ತಮ್ಮ ಪೆಟ್ರೋಲ್ ಕಾರುಗಳಿಗೆ ಡೀಸೆಲ್ ಎಂಜಿನ್ ಕೂಡಿಸಿದರು. ಈಗ ಅಂಥ ಒಂದು 1965ರ ಕಾರು ನಮ್ಮ ಕೈಗೆ ಬಂದಿದೆ ಎಂದಿಟ್ಟುಕೊಳ್ಳೋಣ. ಡೀಸೆಲ್ ಎಂಜಿನ್ನನ್ನು ಕಿತ್ತು ಹಾಕಿ 1965ರ ಪೆಟ್ರೋಲ್ ಎಂಜಿನ್ನನ್ನು ಹುಡುಕಿ ತಂದು ಕೂಡಿಸಿದರೆ ಕಾರು ‘ಮೂಲ’ಕ್ಕೆ ಬಂದಿತೇ? ಒಂದು ಅರ್ಥದಲ್ಲಿ ಹೌದು. ಆದರೆ ತೈಲ ಬಿಕ್ಕಟ್ಟನ್ನು ನಮ್ಮ ಊರಿನ ಮೇಸ್ತ್ರಿಗಳು ಹೇಗೆ ಎದುರಿಸಿದರು ಎಂಬುದಕ್ಕಿದ್ದ ಒಂದು ಸಾಕ್ಷ್ಯ ಆ ದಿನವೇ ಗುಜರಿಗೆ ಹೋಗುತ್ತದೆ.

ವಾಹನದ ಕಾಗದಪತ್ರಗಳೂ ಹೀಗೆಯೇ ಪದರ ಪದರವಾಗಿರುತ್ತವೆ. ಬಾಗಲಕೋಟೆ, ಬಾದಾಮಿ, ಹುನಗುಂದ ಪ್ರದೇಶಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಅಲ್ಲಿಂದ ಮೈಸೂರು ರಾಜ್ಯಕ್ಕೆ ಸೇರಿದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 1988ರ ಮೋಟಾರು ವಾಹನ ಕಾಯಿದೆ 1989ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಇಂದಿನ ‘ಕೆಎ’ ಮಾದರಿಯ ಸಂಖ್ಯೆಗಳು ಬಂದವು. ಬಾಗಲಕೋಟೆಯ ಸಂಕೇತ ಕೆಎ 29. ಹೀಗಾಗಿ 1950ರ ಒಂದು ಮೋಟಾರಿನ ಸಂಖ್ಯೆಫಲಕ ಮತ್ತು ನೋಂದಣಿ ಪುಸ್ತಕಗಳು ಈ ಸೀಮೆಯ ಆಡಳಿತ ಚರಿತ್ರೆಯ ಪುಟಗಳಾಗಬಲ್ಲವು. ಹಳೆಯ ಬಾಗಲಕೋಟೆಯ ಭಾಗಗಳು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿ ಜನ ನವನಗರಕ್ಕೆ ಬಂದರು. ಓಣಿಗಳೇ ಉಳಿಯದ ಊರಿನಲ್ಲಿ, ಆ ಓಣಿಗಳಲ್ಲಿ ಓಡಾಡಿದ ವಾಹನದ ಮೇಲಿನ ಹಳೆಯ ಬರಹ, ಮಾರಾಟಗಾರರ ಬಿಲ್ಲೆ, ಪೇಂಟರ್ ಬರೆದ ಅಕ್ಷರ ಇವೆಲ್ಲ ಬೆಲೆಯುಳ್ಳ ದಾಖಲೆಗಳು.

ಇಂಥದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ನ್ಯಾಯಾಲಯದ ಮುಂದೆ ಬಂದಿತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಗೆದ್ದಿತ್ತು. ಆಮೇಲಿನ ಪಂದ್ಯಗಳಿಗಾಗಿ ಅದರ ಎಂಜಿನ್ ಮತ್ತು ಚಾಸಿಗಳನ್ನು ಬದಲಾಯಿಸಿದ್ದರು, ದೇಹವೂ ಬೇರೆಯಾಗಿತ್ತು. 1929ರ ಬಿಡಿಭಾಗಗಳು ಬಹಳ ಕಡಿಮೆ ಉಳಿದಿದ್ದವು. ಭಾರಿ ಬೆಲೆಗೆ ಅದನ್ನು ಕೊಳ್ಳಲು ಒಪ್ಪಿದ್ದವರು, ಇದು ನಿಜವಾದ ಕಾರೇ ಅಲ್ಲ ಎಂದು ವಾದಿಸಿದರು. ನ್ಯಾಯಾಧೀಶರು ಆ ವಾದವನ್ನು ಒಪ್ಪಲಿಲ್ಲ. ಆ ಕಾರು ಒಮ್ಮೆಯೂ ಇಲ್ಲವಾಗದೆ ಒಂದೇ ವಾಹನವಾಗಿ ನಿರಂತರವಾಗಿ ಬಾಳಿಕೊಂಡು ಬಂದಿದೆ, ಆದ್ದರಿಂದ ಅದು ಅಸಲಿಯೇ ಎಂದು ತೀರ್ಪು ಕೊಟ್ಟರು. ಭಾಗಗಳು ಮೂಲದವಾಗಿರುವುದು ಬೇರೆ, ವಸ್ತು ಅಸಲಿಯಾಗಿರುವುದು ಬೇರೆ ಎಂಬ ಮುಖ್ಯವಾದ ಭೇದ ಈ ತೀರ್ಪಿನಿಂದ ಸ್ಪಷ್ಟವಾಯಿತು.

ಐಹೊಳೆಯ ಕಲ್ಲುಗಳು ಕಲಿಸುವುದು

ಕಟ್ಟಡಗಳ ವಿಷಯದಲ್ಲಿ ಈ ಚರ್ಚೆ 19ನೆಯ ಶತಮಾನದ ಯುರೋಪಿನಲ್ಲಿ ತೀವ್ರವಾಗಿ ನಡೆಯಿತು. ಫ್ರಾನ್ಸಿನ ವಾಸ್ತುಶಿಲ್ಪಿ ವಿಯೊಲೆ ಲ ಡ್ಯುಕ್ (1814–1879) ಹಳೆಯ ಕಟ್ಟಡವನ್ನು ಪರಿಪೂರ್ಣ ಸ್ಥಿತಿಗೆ ತರಬೇಕು, ಅಂಥ ಸ್ಥಿತಿ ಹಿಂದೆ ಯಾವ ಕಾಲದಲ್ಲೂ ಇರದಿದ್ದರೂ ಅಡ್ಡಿಯಿಲ್ಲ ಎಂಬ ನಿಲುವಿನವನು. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬರೆದನು. ಅವನ ಪ್ರಕಾರ ಹೀಗೆ ಮಾಡುವ ಜೀರ್ಣೋದ್ಧಾರವು ಕಟ್ಟಡದ ನಾಶಕ್ಕೆ ಸಮ. 1877ರಲ್ಲಿ ವಿಲಿಯಂ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗಾಗಿ ಒಂದು ಸಂಘವನ್ನೇ ಕಟ್ಟಿದನು. ಹೊಸದಾಗಿ ಮಾಡಬೇಡಿ, ಇರುವುದನ್ನು ಕಾಪಾಡಿ ಎಂಬುದು ಅದರ ಧೋರಣೆ.

ಭಾರತಕ್ಕೆ ಈ ಧೋರಣೆ ಬಂದದ್ದು ಪುರಾತತ್ವ ಇಲಾಖೆಯ ಮೂಲಕ. 1902ರಿಂದ 1928ರವರೆಗೆ ಅದರ ಮಹಾನಿರ್ದೇಶಕನಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಸಂರಕ್ಷಣೆಯ ಕೈಪಿಡಿಯೊಂದನ್ನು ಹೊರತಂದನು. ಭಗ್ನವಾದ ಸ್ಮಾರಕವನ್ನು ಹೊಸದಾಗಿ ಕಟ್ಟುವುದಕ್ಕಿಂತ, ಉಳಿದ ಮೂಲ ಭಾಗವನ್ನು ಇದ್ದ ಹಾಗೆ ಉಳಿಸುವುದು ಮುಖ್ಯ ಎಂಬುದು ಅದರ ತಿರುಳು.

ಇದರ ಅರ್ಥವನ್ನು ಹುನಗುಂದ ಸೀಮೆಯ ಐಹೊಳೆಯಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿನ ದುರ್ಗ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಾಗಿದೆ. ಅದರ ಶಿಖರದ ಮೇಲ್ಭಾಗ ಬಿದ್ದುಹೋಗಿದೆ. ಶಿಖರದ ತುದಿಯಲ್ಲಿರಬೇಕಾದ ಆಮಲಕ ಶಿಲೆ ಗುಡಿಯ ಹತ್ತಿರ ನೆಲದ ಮೇಲಿದೆ. ಬೇರೆ ಗುಡಿಗಳನ್ನು ನೋಡಿ ಊಹಿಸಿ ಹೊಸ ಶಿಖರ ಕಟ್ಟುವುದು ಕಷ್ಟವಾಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ನಡುವಿನ ಭಾಗ ಹೇಗಿತ್ತೆಂದು ಖಚಿತವಾಗಿ ತಿಳಿಯದಿರುವಾಗ ಕಟ್ಟಿದ್ದು ಚಾಲುಕ್ಯರ ಶಿಖರವಾಗುವುದಿಲ್ಲ, ನಮ್ಮ ಊಹೆಯ ಶಿಖರವಾಗುತ್ತದೆ.

ಇದೇ ಗುಡಿ ಇನ್ನೊಂದು ಪಾಠವನ್ನೂ ಹೇಳುತ್ತದೆ. ಇಲ್ಲಿನ ‘ದುರ್ಗ’ ಎಂದರೆ ದೇವಿಯಲ್ಲ, ಕೋಟೆ. ಚಾಲುಕ್ಯರ ನಂತರದ ಕಾಲದಲ್ಲಿ ಯಾರೋ ಗುಡಿಯ ಮೇಲೆ ಒರಟು ಕಲ್ಲುಗಳ ಕಾವಲು ಕಟ್ಟೆಯನ್ನು ಕಟ್ಟಿದ್ದರು. ಇಂದು ಅದು ಇಲ್ಲ, ಹೆಸರು ಮಾತ್ರ ಉಳಿದಿದೆ. ಅಲ್ಲಿಯೇ ಇರುವ ಲಾಡ್ ಖಾನ್ ಗುಡಿಗೆ ಆ ಹೆಸರು ಬಂದದ್ದು ಒಂದು ಕಾಲದಲ್ಲಿ ಅದರೊಳಗೆ ವಾಸವಾಗಿದ್ದ ವ್ಯಕ್ತಿಯಿಂದ. ಗುಡಿಯನ್ನು ಮನೆ ಮಾಡಿಕೊಂಡದ್ದು, ಗುಡಿಯ ಮೇಲೆ ಕಾವಲು ಕಟ್ಟೆ ಕಟ್ಟಿದ್ದು ಇವು ಆ ಕಾಲದ ಮಾರ್ಪಾಟುಗಳು. ಅವುಗಳಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಒಂದೊಂದಾಗಿ ತೂಗಿ ನೋಡಬೇಕಾಗುತ್ತದೆ. ಕಟ್ಟಡಕ್ಕೆ ಭಾರವಾಗಿ ಅಪಾಯ ತರುವ ಸೇರ್ಪಡೆಯನ್ನು ತೆಗೆಯಲು ಕಾರಣವಿರುತ್ತದೆ. ಅಪಾಯವಿಲ್ಲದ ಸೇರ್ಪಡೆ ಆ ಕಾಲದ ಜನಜೀವನದ ಸಾಕ್ಷಿಯಾಗಿ ಉಳಿಯಬಹುದು.

ಈ ಅನುಭವಗಳೆಲ್ಲ ಸೇರಿ 1964ರಲ್ಲಿ ಇಟಲಿಯ ವೆನಿಸ್ ನಗರದಲ್ಲಿ ಒಂದು ಸನ್ನದಿನ ರೂಪ ಪಡೆದವು. ಅದರ ಮುಖ್ಯ ಅಂಶಗಳು ನಾಲ್ಕು. ಊಹೆ ಶುರುವಾಗುವಲ್ಲಿ ಪುನರುದ್ಧಾರ ನಿಲ್ಲಬೇಕು. ಎಲ್ಲ ಕಾಲದ ಅರ್ಥಪೂರ್ಣ ಸೇರ್ಪಡೆಗಳನ್ನು ಗೌರವಿಸಬೇಕು. ಹೊಸದಾಗಿ ಸೇರಿಸಿದ ಭಾಗ ಹಳೆಯದಕ್ಕೆ ಹೊಂದಿಕೊಳ್ಳಬೇಕು, ಆದರೂ ಹೊಸದೆಂದು ಗುರುತಿಸುವಂತಿರಬೇಕು. ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದದ್ದು 1966ರಲ್ಲಿ. ಅದು ವೆನಿಸ್ ಸನ್ನದನ್ನೇ ಮಾದರಿಯಾಗಿಟ್ಟುಕೊಂಡು ಇಟಲಿಯ ಟ್ಯೂರಿನ್ ನಗರದ ಹೆಸರಿನಲ್ಲಿ ತನ್ನ ಸನ್ನದನ್ನು ರೂಪಿಸಿತು. ಅದು 2012–13ರಲ್ಲಿ ಅಂಗೀಕಾರವಾಯಿತು. ಕಟ್ಟಡಕ್ಕೂ ವಾಹನಕ್ಕೂ ಒಂದು ವ್ಯತ್ಯಾಸವಿದೆ ಎಂಬುದನ್ನೂ ಅದು ಗಮನಿಸಿತು. ವಾಹನ ಚಲಿಸಲೆಂದೇ ಹುಟ್ಟಿದ ವಸ್ತು. ಅದು ಚಲಿಸಿದಾಗಲೇ ಅದರ ಶಬ್ದ, ಕಂಪನ, ನಡೆಸುವ ಕೌಶಲ ಇವು ಮುಂದಿನವರಿಗೆ ತಿಳಿಯುತ್ತವೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಇಂದಿಗೂ ಪೂಜೆ ನಡೆಯುತ್ತದೆ. ಬಳಕೆಯಲ್ಲಿರುವ ಅಂಥ ಸ್ಮಾರಕದಂತೆ ಓಡುವ ಹಳೆಯ ಕಾರಿಗೂ ಆಗಾಗ ಸಣ್ಣಪುಟ್ಟ ದುರಸ್ತಿ, ಸವೆದ ಭಾಗಗಳ ಬದಲಾವಣೆ ಅನಿವಾರ್ಯ. ಟೈರು, ಬ್ರೇಕಿನ ಪಟ್ಟಿ, ಎಣ್ಣೆ ಇವನ್ನು 1950ರದ್ದೇ ಇರಲಿ ಎಂದು ಯಾರೂ ಕೇಳುವುದಿಲ್ಲ.

ಮೂರನೆಯ ದಾರಿ

ಮೂಲಕ್ಕೆ ತರುವುದು, ಮಾರ್ಪಡಿಸುವುದು ಇವೆರಡೇ ದಾರಿಗಳಲ್ಲ. ಇರುವ ಸ್ಥಿತಿಯಲ್ಲೇ ಕಾಪಾಡುವುದು ಮೂರನೆಯ ದಾರಿ. ಇಟಲಿ ಮತ್ತು ಸ್ವಿಟ್ಜರ್ಲೆಂಡುಗಳ ನಡುವಿನ ಮಜೋರೆ ಸರೋವರದ ತಳದಲ್ಲಿ ದಶಕಗಳ ಕಾಲ ಬಿದ್ದಿದ್ದ 1925ರ ಬುಗಾಟಿ ಕಾರೊಂದನ್ನು 2009ರಲ್ಲಿ ಮೇಲೆತ್ತಲಾಯಿತು. 2010ರ ಜನವರಿಯಲ್ಲಿ ಅದು ಪ್ಯಾರಿಸ್ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೊಗಳಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಕೊಂಡವರು ಅದನ್ನು ಹೊಸದು ಮಾಡಲಿಲ್ಲ. ತುಕ್ಕು ತಿಂದ ಸ್ಥಿತಿಯಲ್ಲೇ ಪ್ರದರ್ಶಿಸಿದರು. ಹೊಸದು ಮಾಡಿದ್ದರೆ ಅದು ಅನೇಕ ಬುಗಾಟಿಗಳಲ್ಲಿ ಒಂದಾಗುತ್ತಿತ್ತು. ಸರೋವರದ ಕಥೆ ಅಳಿಸಿಹೋಗುತ್ತಿತ್ತು.

ಒಮ್ಮೆ ಉಜ್ಜಿ ತೆಗೆದ ಹಳೆಯ ಬಣ್ಣವನ್ನು ಮತ್ತೆ ತರಲಾಗದು. ಇದಕ್ಕೆ ವೈಜ್ಞಾನಿಕ ಕಾರಣವಿದೆ. 1920ರ ದಶಕದಲ್ಲಿ ನೈಟ್ರೊಸೆಲ್ಯುಲೋಸ್ ಆಧಾರಿತ ಬಣ್ಣಗಳು ಬಂದವು. ಅದುವರೆಗೆ ದಿನಗಟ್ಟಲೆ ಒಣಗಿಸಬೇಕಾಗಿದ್ದ ಕಾರು ಗಂಟೆಗಳಲ್ಲಿ ಒಣಗತೊಡಗಿತು. ಅನಂತರ ಎನಾಮಲ್, ಅಕ್ರಿಲಿಕ್, ಪಾಲಿಯುರಿಥೇನ್ ಬಣ್ಣಗಳು ಬಂದವು. ಹಳೆಯ ವಾಹನದ ಮೈಮೇಲೆ ಇವು ಒಂದರ ಮೇಲೊಂದು ಕೂತಿರುತ್ತವೆ. ಕಣ್ಣಿಗೆ ಬೀಳದ ಜಾಗದಲ್ಲಿ ನಾಣ್ಯದಷ್ಟು ಭಾಗವನ್ನು ನೀರು ಹಾಕಿ ನಯವಾದ ಉಪ್ಪುಕಾಗದದಿಂದ ಇಳಿಜಾರಾಗಿ ಉಜ್ಜಿದರೆ ಮರದ ವಾರ್ಷಿಕ ಉಂಗುರಗಳಂತೆ ಬಣ್ಣದ ಉಂಗುರಗಳು ಕಾಣುತ್ತವೆ. ವಾಹನ ಯಾವ ಯಾವ ಬಣ್ಣದಲ್ಲಿತ್ತು ಎಂಬ ಚರಿತ್ರೆ ಅಲ್ಲಿ ಓದಲು ಸಿಗುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರಬಹುದು. ಆದ್ದರಿಂದ ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು, ಈ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದು.

ತುಕ್ಕಿನ ವಿಷಯದಲ್ಲಿ ಬಾಗಲಕೋಟೆ ಸೀಮೆಗೆ ಒಂದು ಅನುಕೂಲವಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550ರಿಂದ 600 ಮಿ.ಮೀ. ಮಾತ್ರ. ಕಬ್ಬಿಣ ತುಕ್ಕು ಹಿಡಿಯಲು ಆಕ್ಸಿಜನ್ ಜೊತೆಗೆ ನೀರೂ ಬೇಕು, ಉಪ್ಪಿದ್ದರೆ ಕ್ರಿಯೆ ಇನ್ನೂ ವೇಗ. ಆದ್ದರಿಂದ ಕರಾವಳಿಯಲ್ಲಿ ಬೇಗ ಕರಗಿಹೋಗುವ ತಗಡು ಇಲ್ಲಿ ಹೆಚ್ಚು ಕಾಲ ಬಾಳುತ್ತದೆ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳು ಬಣ್ಣವನ್ನು ಮಂಕಾಗಿಸುತ್ತವೆ, ರಬ್ಬರನ್ನು ಬಿರುಕು ಬಿಡಿಸುತ್ತವೆ. ಹೊದಿಕೆ ಹಾಕಿ ನೆರಳಿನಲ್ಲಿಡುವುದೇ ಇಲ್ಲಿ ಅರ್ಧ ಸಂರಕ್ಷಣೆ.

ಮಾರ್ಪಾಟಿನ ಭೌತವಿಜ್ಞಾನ ಮತ್ತು ಕಾನೂನು

ಮಾರ್ಪಾಟು ಮಾಡುವವರು ಮೊದಲು ಕೈ ಹಾಕುವುದು ಎಂಜಿನ್ನಿಗೆ. ಹಳೆಯ ಚಾಸಿಯಲ್ಲಿ ಹೆಚ್ಚು ಶಕ್ತಿಯ ಹೊಸ ಎಂಜಿನ್ ಕೂಡಿಸಿದರೆ ವೇಗ ಹೆಚ್ಚುತ್ತದೆ. ಆದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. 1,100 ಕಿ.ಗ್ರಾಂ. ರಾಶಿಯ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 153 ಕಿಲೋಜೂಲ್. ವೇಗ 90 ಕಿ.ಮೀ. ಆದರೆ ಅದು ಸುಮಾರು 344 ಕಿಲೋಜೂಲ್. ವೇಗ ಒಂದೂವರೆ ಪಟ್ಟಾದರೆ ಬ್ರೇಕು ಹೀರಬೇಕಾದ ಶಕ್ತಿ ಎರಡೂ ಕಾಲು ಪಟ್ಟಾಗುತ್ತದೆ. ಹಳೆಯ ಡ್ರಮ್ ಬ್ರೇಕು ಈ ಶಾಖದಿಂದ ಹಿಗ್ಗಿ ಬ್ರೇಕಿನ ಪಟ್ಟಿಯಿಂದ ದೂರ ಸರಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಹೀಗೆ ಎಂಜಿನ್ ಬದಲಾದರೆ ಬ್ರೇಕು, ಸ್ಟಿಯರಿಂಗ್, ಸ್ಪ್ರಿಂಗು, ಚಾಸಿ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬೇಕು. ಕೊನೆಗೆ ಹಳೆಯ ಕಾರಿನದೆಂದು ಉಳಿಯುವುದು ತಗಡಿನ ಹೊದಿಕೆ ಮಾತ್ರ.

ಇನ್ನೊಂದು ಕಡೆ, ಏನನ್ನೂ ಬದಲಾಯಿಸುವುದಿಲ್ಲ ಎಂಬ ಹಟವೂ ನಡೆಯುವುದಿಲ್ಲ. ಇಂಧನವೇ ಬದಲಾಗಿದೆ. ಹಳೆಯ ಎಂಜಿನ್ನುಗಳ ಕವಾಟದ ಪೀಠಗಳು ಪೆಟ್ರೋಲಿನಲ್ಲಿದ್ದ ಸೀಸದಿಂದ ರಕ್ಷಣೆ ಪಡೆಯುತ್ತಿದ್ದವು. 2000ದಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಬಂದಿತು. 2025ರ ಹೊತ್ತಿಗೆ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿ ಮುಟ್ಟಲಾಯಿತು. ಎಥನಾಲಿನ ಒಂದು ಮೂಲ ಕಬ್ಬು. ಮುಧೋಳ, ಜಮಖಂಡಿ, ಬೀಳಗಿಗಳ ಕಬ್ಬಿನ ಸೀಮೆಗೆ ಇದು ಒಳ್ಳೆಯ ಸುದ್ದಿ. ಆದರೆ ಹಳೆಯ ಕಾರಿನ ರಬ್ಬರ್ ಕೊಳವೆಗಳಿಗೆ, ಪಂಪಿನ ಪೊರೆಗೆ ಎಥನಾಲ್ ಒಗ್ಗುವುದಿಲ್ಲ. ಅದು ಗಾಳಿಯ ತೇವವನ್ನು ಹೀರುವುದರಿಂದ ಹೆಚ್ಚು ದಿನ ನಿಂತ ಕಾರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ ಸುಮಾರು 21. ಆದ್ದರಿಂದ ಶೇ. 20ರ ಮಿಶ್ರಣದಲ್ಲಿ ಲೀಟರಿಗೆ ಸುಮಾರು ಶೇ. 7ರಷ್ಟು ಶಕ್ತಿ ಕಡಿಮೆ. ಎಥನಾಲಿಗೆ ತಡೆಯುವ ಕೊಳವೆ, ಗಡಸು ಕವಾಟ ಪೀಠ ಇವನ್ನು ಹಾಕಿಸುವುದು ವಾಹನ ಬದುಕಲು ಬೇಕಾದ ಬದಲಾವಣೆ. ಇದು ಶೋಕಿಯ ಮಾರ್ಪಾಟಲ್ಲ.

ಕಾನೂನು ಕೂಡ ಈ ಭೇದವನ್ನು ಮಾಡುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅನುಮೋದಿತ ಕಿಟ್ ಬಳಸಿ ಇಂಧನ ಬದಲಾಯಿಸುವುದೇ ಮೊದಲಾದ ಕೆಲವು ಬದಲಾವಣೆಗಳಿಗೆ ಅನುಮತಿಯೊಂದಿಗೆ ಅವಕಾಶವಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರಡಿ ಬರುತ್ತವೆ. ಚಾಸಿ, ದೇಹ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆಯಾಗದೆ ಮೂಲರೂಪದಲ್ಲಿರಬೇಕು ಎಂಬುದು ಷರತ್ತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಮೊದಲೇ ನೋಂದಣಿಯಾದ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಅಂಥ ವಾಹನಗಳನ್ನು ಪ್ರದರ್ಶನ, ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು.

ಇಳಕಲ್ ಸೀರೆಯೂ ಕೌದಿಯೂ

ಹಾಗಾದರೆ ಮಾರ್ಪಾಟು ಯಾವಾಗಲೂ ತಪ್ಪೇ? ಇದಕ್ಕೆ ಇಳಕಲ್ಲಿನ ಸೀರೆಯಿಂದ ಉತ್ತರ ಹುಡುಕಬಹುದು. ನೆಲದಲ್ಲಿ ಕುಣಿ ತೋಡಿ ಹೂಡಿದ ಮಗ್ಗದ ಮೇಲೆ ನೇಯುವ ಈ ಸೀರೆಯ ವಿಶೇಷವೆಂದರೆ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಮಾಡಿಕೊಂಡು ಕುಣಿಕೆಗಳಿಂದ ಕೂಡಿಸುವುದು. 1868ರಲ್ಲಿ ಜರ್ಮನಿಯ ರಸಾಯನವಿಜ್ಞಾನಿಗಳು ಮಂಜಿಷ್ಠದ ಕೆಂಪಿನ ಸಾರವಾದ ಅಲಿಜರಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. 1897ರಲ್ಲಿ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಬರಬರುತ್ತ ಎಲ್ಲ ಕಡೆಯಂತೆ ಇಲ್ಲಿಯೂ ಗಿಡಮೂಲದ ಬಣ್ಣಗಳ ಜಾಗವನ್ನು ಕೃತಕ ಬಣ್ಣಗಳು ಹಿಡಿದವು. ರೇಷ್ಮೆಯ ಜಾಗದಲ್ಲಿ ಕೃತಕ ರೇಷ್ಮೆಯೂ ಬಂದಿತು. ಆದರೂ ಜನ ಅದನ್ನು ಇಳಕಲ್ ಸೀರೆಯೆಂದೇ ಗುರುತಿಸುತ್ತಾರೆ. ಏಕೆಂದರೆ ಸೆರಗಿನ ಜೋಡಣೆ, ದಡಿಯ ವಿನ್ಯಾಸ ಉಳಿದಿವೆ. ನೂಲು ಬದಲಾಯಿತು, ನೇಯ್ಗೆಯ ಗುರುತು ಉಳಿಯಿತು. ಬದುಕಿರುವ ಕಸುಬು ಹೀಗೆ ಬದಲಾಗುತ್ತಲೇ ಇರುತ್ತದೆ.

ಹಳೆಯ ಸೀರೆ ಹರಿದಾಗ ನಮ್ಮ ಕಡೆ ಅದನ್ನು ಬಿಸಾಡುವುದಿಲ್ಲ, ಕೌದಿ ಹೊಲಿಯುತ್ತಾರೆ. ಕೌದಿ ಒಂದು ಮಾರ್ಪಾಟು. ಅದರಲ್ಲಿ ತಪ್ಪೇನೂ ಇಲ್ಲ, ಅದೂ ಒಂದು ಕಲೆ. ಆದರೆ ನೂರು ವರ್ಷದ ಹಿಂದಿನ, ಗಿಡದ ಬಣ್ಣದಲ್ಲಿ ಅದ್ದಿದ ಸೀರೆ ಒಂದೇ ಒಂದು ಉಳಿದಿದ್ದರೆ ಅದನ್ನು ಕತ್ತರಿಸಿ ಕೌದಿ ಹೊಲಿಯುವ ಮೊದಲು ಎರಡು ಸಲ ಯೋಚಿಸಬೇಕು. ವಾಹನಕ್ಕೂ ಇದೇ ಮಾತು. ಸಾವಿರಾರು ಉಳಿದಿರುವ ಮಾದರಿಯೊಂದರ, ಎಂಜಿನ್ನೂ ಇಲ್ಲದೆ ಕಾಗದವೂ ಇಲ್ಲದೆ ಬಿದ್ದಿರುವ ಒಂದು ಡಬ್ಬಿಯನ್ನು ಕಾನೂನಿನ ಮಿತಿಯೊಳಗೆ ಹೊಸದಾಗಿ ಕಟ್ಟಿಕೊಂಡರೆ ಚರಿತ್ರೆಗೆ ನಷ್ಟವಿಲ್ಲ. ಅಪರೂಪದ, ಪೂರ್ತಿಯಾಗಿ ಉಳಿದ ಒಂದು ವಾಹನವನ್ನು ಕತ್ತರಿಸಿದರೆ ನಷ್ಟ ಎಲ್ಲರದು.

ತೀರ್ಮಾನದ ಕ್ರಮ

ಈ ಇತಿಹಾಸದಿಂದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಹೀಗೆ ಕ್ರಮವಾಗಿ ಜೋಡಿಸಬಹುದು.

1. ಇಂಥ ವಾಹನಗಳು ಇನ್ನೆಷ್ಟು ಉಳಿದಿವೆ? ಕಡಿಮೆಯಿದ್ದಷ್ಟೂ ಕೈ ಹಿಡಿತದಲ್ಲಿರಬೇಕು.

2. ಇದರಲ್ಲಿ ಮೂಲದ ಭಾಗಗಳು ಎಷ್ಟಿವೆ? ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪುಸ್ತಕಕ್ಕೆ ಹೊಂದುತ್ತವೆಯೇ?

3. ಆಮೇಲೆ ಸೇರಿದ ಭಾಗಗಳಿಗೆ ತಮ್ಮದೇ ಕಥೆಯಿದೆಯೇ? ತೈಲ ಬಿಕ್ಕಟ್ಟಿನ ಕಾಲದ ಡೀಸೆಲ್ ಎಂಜಿನ್ನಿಗೆ ಇದೆ, ಹೋದ ವರ್ಷ ಅಂಟಿಸಿದ ಪ್ಲಾಸ್ಟಿಕ್ಕಿಗೆ ಇಲ್ಲ.

4. ಕಳೆದುಹೋದ ಭಾಗ ಹೇಗಿತ್ತು ಎಂಬುದಕ್ಕೆ ಚಿತ್ರ, ನಕ್ಷೆ, ಇನ್ನೊಂದು ಮಾದರಿ ಇದೆಯೇ? ಇಲ್ಲದಿದ್ದರೆ ಊಹಿಸಿ ಮಾಡುವುದಕ್ಕಿಂತ ದುರ್ಗ ಗುಡಿಯ ಶಿಖರದಂತೆ ಬಿಡುವುದು ಮೇಲು.

5. ಮಾಡುವ ಬದಲಾವಣೆಯನ್ನು ಮುಂದೆ ಬೇರೆಯವರು ಹಿಂತೆಗೆಯಬಹುದೇ? ಬೋಲ್ಟಿನಿಂದ ಕೂಡಿಸಿದ ಸೀಟ್ ಬೆಲ್ಟನ್ನು ನಾಳೆ ಬಿಚ್ಚಬಹುದು. ಗ್ಯಾಸ್ ಕಟರಿನಿಂದ ಕತ್ತರಿಸಿದ ಚಾಸಿಯನ್ನು ಮತ್ತೆ ಮೊದಲಿನಂತೆ ಮಾಡಲಾಗದು.

ಇವುಗಳಲ್ಲಿ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಮೂಲಕ್ಕೆ ತರುವುದೂ ಕೆಲವೊಮ್ಮೆ ಮಾರ್ಪಾಟಿನಷ್ಟೇ ನಾಶ ಮಾಡಬಹುದು ಎಂಬುದನ್ನು ಮರೆಯಬಾರದು. ಹಳೆಯ ಬಣ್ಣವನ್ನೆಲ್ಲ ಕೆರೆದು ಕನ್ನಡಿಯಂತೆ ಹೊಳೆಯುವ ಹೊಸ ಬಣ್ಣ ಬಳಿದ ಕಾರು ಮೂಲದಂತೆ ಕಾಣಬಹುದು. ಸಾಕ್ಷ್ಯದ ದೃಷ್ಟಿಯಿಂದ ಅದು ಬರಿದಾಗಿರುತ್ತದೆ.

ಉಳಿದಿರುವ ಕಾಲಾವಕಾಶ

ಈ ವಿಚಾರ ಈಗ ತುರ್ತಿನದಾಗಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ. ಹೊಗೆ ಮತ್ತು ಸುರಕ್ಷತೆಯ ದೃಷ್ಟಿಯಿಂದ ಇದಕ್ಕೆ ಕಾರಣಗಳಿವೆ. ಆದರೆ 15 ವರ್ಷಕ್ಕೆ ಗುಜರಿ, 50 ವರ್ಷಕ್ಕೆ ವಿಂಟೇಜ್ ಎಂದಾದರೆ ನಡುವಿನ 35 ವರ್ಷ ದಾಟಿ ಬರುವ ಸರ್ಕಾರಿ ಜೀಪು ಯಾವುದು? ವಿಂಟೇಜ್ ನಿಯಮ ಸ್ವಂತ ಬಳಕೆಯ ವಾಹನಗಳಿಗೆ ಮಾತ್ರ ಇರುವುದರಿಂದ ಇಳಕಲ್ಲಿನ ಗ್ರಾನೈಟ್ ಹೊತ್ತ ಲಾರಿಗಳೂ ಹಳ್ಳಿಗಳ ನಡುವೆ ಓಡಾಡಿದ ಬಾಡಿಗೆ ಮೋಟಾರುಗಳೂ ಅದರ ರಕ್ಷಣೆಯಿಂದ ಹೊರಗುಳಿಯುತ್ತವೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ಕಾಪಾಡಿದ್ದಾರೆ. ಎಲ್ಲವೂ ಸಂಗ್ರಹಾಲಯ ಸೇರಲು ಸಾಧ್ಯವಿಲ್ಲ.

ಶಾಲೆಗಳು ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಹಣ ಬೇಡ. ಊರಿನಲ್ಲಿರುವ ಹಳೆಯ ವಾಹನಗಳ ಪಟ್ಟಿ ಮಾಡಿ, ಮಾಲೀಕರ ಒಪ್ಪಿಗೆ ಪಡೆದು, ಅಳತೆ ತೆಗೆದು, ಎಲ್ಲ ದಿಕ್ಕುಗಳಿಂದ ಚಿತ್ರ ಹಿಡಿದು, ತಯಾರಕರ ಫಲಕದ ವಿವರ ಬರೆದು, ನಡೆಸಿದವರ ಮತ್ತು ದುರಸ್ತಿ ಮಾಡಿದ ಮೇಸ್ತ್ರಿಗಳ ಮಾತನ್ನು ದಾಖಲಿಸಬಹುದು. ಚಲನಶಕ್ತಿಯ ಲೆಕ್ಕ, ತುಕ್ಕಿನ ಪ್ರಯೋಗ, ಇಂಧನದ ಶಕ್ತಿಯ ಹೋಲಿಕೆ ಇವನ್ನು ಅದೇ ವಾಹನಗಳನ್ನು ಮುಂದಿಟ್ಟುಕೊಂಡು ಕಲಿಸಬಹುದು. ಐಹೊಳೆಯ ಗುಡಿಗಳು ಯುರೋಪಿನ ವಿದ್ವಾಂಸರ ಗಮನಕ್ಕೆ ಬರುವಲ್ಲಿ 1850–60ರ ದಶಕಗಳ ಛಾಯಾಚಿತ್ರಗಳ ಪಾತ್ರ ದೊಡ್ಡದು. ಅವು ಇಲ್ಲದಿದ್ದರೆ ಅಂದಿನ ಸ್ಥಿತಿ ಹೇಗಿತ್ತೆಂದು ನಮಗೆ ತಿಳಿಯುತ್ತಿರಲಿಲ್ಲ. ಮಾಲೀಕ ತನ್ನ ವಾಹನವನ್ನು ಮೂಲಕ್ಕೆ ತರಲಿ, ಮಾರ್ಪಡಿಸಲಿ, ಅದು ಅವನ ಹಕ್ಕು. ಸ್ಪ್ಯಾನರ್ ಹಿಡಿಯುವ ಮೊದಲು ಇದ್ದ ಸ್ಥಿತಿಯನ್ನು ಬರೆದಿಡುವುದು, ಕಿತ್ತ ಭಾಗಗಳಿಗೆ ಚೀಟಿ ಕಟ್ಟಿ ತೆಗೆದಿಡುವುದು ಮಾತ್ರ ಎಲ್ಲರೂ ಪಾಲಿಸಬಹುದಾದ ನಿಯಮ.